ಹೆಟ್ಟಿಯನ್ನು ಎಬ್ಬಿಸುವವರು ಯಾರು?

ಊರೂರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬರು ರೊಟ್ಟಿ ಸುಡುತ್ತಾರೆ, ಒಬ್ಬರು ಕುರಿ ಕಾಯುತ್ತಾರೆ, ಒಬ್ಬರು ಸತ್ತವರಿಗೆ ಗುಂಡಿ ತೋಡುತ್ತಾರೆ. ಡೋವರ್ ಬಂದರಿನ ನೆತ್ತಿಯ ಮೇಲೆ, ಸುಣ್ಣದ ಗೂಡಿನ ಹೊಲ ಅಂತ ಕರೆಯುವ ಹುಲ್ಲುಗಾವಲಿನಲ್ಲಿ ಹೆಟ್ಟಿ ಪಿಲ್ಚರ್ ಮಾಡುತ್ತಿದ್ದ ಕೆಲಸವೆಂದರೆ ಮಲಗಿದವರನ್ನು ಎಬ್ಬಿಸುವುದು.

ಯಾರನ್ನು? ನಸುಕಿನ ಹಡಗು ಹಿಡಿದು ಸಮುದ್ರದಾಚೆ ಹೋಗುವವರನ್ನು. ಅವರು ಬರುತ್ತಿದ್ದುದು ವ್ಯಾನುಗಳಲ್ಲಿ. ವ್ಯಾನೆಂದರೆ ಬರೀ ವ್ಯಾನಲ್ಲ. ಒಳಗೆ ಹಾಸಿಗೆ, ಒಲೆ, ಅಂಗೈಯಗಲದ ಮೇಜು, ಕಿಟಕಿಗೆ ಹೂವಿನ ಪರದೆ ಎಲ್ಲ ಇರುವ, ಚಕ್ರದ ಮೇಲಿನ ಮನೆ. ಹೆಟ್ಟಿ ಅವಕ್ಕೆ ಬಸವನಹುಳು ಅನ್ನುತ್ತಿದ್ದಳು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಲೀಡ್ಸ್, ಲೆಸ್ಟರ್, ಇನ್ನೂ ಮೇಲೆ ಸ್ಕಾಟ್‌ಲೆಂಡಿನ ಕಡೆಯಿಂದೆಲ್ಲ ಬಸವನಹುಳುಗಳು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬರುತ್ತಿದ್ದವು. ಅಷ್ಟು ದೂರದಿಂದ ಹೊರಟು ಒಂದೇ ಉಸಿರಿಗೆ ಬೆಳಗಿನ ಹಡಗು ಮುಟ್ಟುವುದು ಆಗದ ಮಾತು. ಹಾಗಾಗಿ ಒಂದು ರಾತ್ರಿ ಹೆಟ್ಟಿಯ ಹೊಲದಲ್ಲಿ ತಂಗಿ, ನಸುಕಿಗೆ ಗುಡ್ಡ ಇಳಿದು, ಹಡಗಿನ ಹೊಟ್ಟೆಯೊಳಗೆ ಹೊಕ್ಕು ಫ್ರಾನ್ಸ್ ಸೇರಿ, ಅಲ್ಲಿಂದ ಮನಸ್ಸು ಕರೆದ ಕಡೆಗೆ.

ಹೆಟ್ಟಿ ಗೇಟಿನ ಬಳಿ ರಬ್ಬರ್ ಬೂಟು ಹಾಕಿಕೊಂಡು, ಗಂಡನ ಹಳೇ ಕೋಟಿನೊಳಗೆ ಮುಳುಗಿಕೊಂಡು ನಿಂತಿರುತ್ತಿದ್ದಳು. ಯಾರು ಬಂದರೂ ಮೊದಲ ಪ್ರಶ್ನೆ ಒಂದೇ.

"ಯಾವ ಹಡಗು?"

"ಎರಡನೇದು ಕಣಮ್ಮ."

"ಹಾಗಾದ್ರೆ ಮುಳ್ಳುಬೇಲಿ ಹತ್ರ ನಿಲ್ಸಿ. ಮೂತಿ ಗೇಟಿನ ಕಡೆಗಿರ್ಲಿ. ಅಯ್ಯೋ, ಬಾಲ ಅಲ್ಲ ಸ್ವಾಮಿ, ಮೂತಿ! ಬೆಳಿಗ್ಗೆ ಹಿಂದೆ ಮುಂದೆ ತಿರುಗಿಸ್ತಾ ಕೂತ್ರೆ ಇಡೀ ಹೊಲಕ್ಕೆ ಎಚ್ಚರ ಆಗುತ್ತೆ."

ಮೊದಲ ಹಡಗಿನವರು ಗೇಟಿಗೆ ಹತ್ತಿರ, ಕಡೆಯ ಹಡಗಿನವರು ದೂರ. ಹೀಗೆ ಸಾಲು ಹಚ್ಚಿದ ಮೇಲೆ ಅವಳ ಇನ್ನೊಂದು ಕಟ್ಟಳೆ. ಎಬ್ಬಿಸಬೇಕಾದವರು ಮಲಗುವ ಮುಂಚೆ ಪಾತ್ರೆ ಒರೆಸುವ ಬಟ್ಟೆಯೊಂದನ್ನು ವ್ಯಾನಿನ ಪಕ್ಕದ ಕನ್ನಡಿಗೆ ಕಟ್ಟಬೇಕು. ಬಟ್ಟೆ ಕಂಡರೆ ಹೆಟ್ಟಿ ಬೆರಳ ಗೆಣ್ಣಿನಿಂದ ತಗಡಿನ ಮೇಲೆ ಮೆತ್ತಗೆ ಬಡಿಯುತ್ತಾಳೆ. ಒಳಗಿದ್ದವರು ತಿರುಗಿ ಬಡಿಯಬೇಕು. ಆ ತಿರುಗುಬಡಿತ ಬರುವ ತನಕ ಹೆಟ್ಟಿ ಅಲ್ಲಿಂದ ಕದಲುವವಳಲ್ಲ. "ಎದ್ವಿ ಎದ್ವಿ" ಅಂತ ಬಾಯಲ್ಲಿ ಅಂದರೆ ಅದು ಲೆಕ್ಕಕ್ಕಿಲ್ಲ. ಬಾಯಿ ನಿದ್ದೆಯಲ್ಲೂ ಆಡುತ್ತದೆ, ಕೈ ಆಡುವುದಿಲ್ಲ ಎನ್ನುವುದು ಅವಳ ಅನುಭವ. ತಿರುಗುಬಡಿತ ಬಂದ ಮೇಲೆ ವ್ಯಾನುಗಳು ಎಂಜಿನ್ ಹಚ್ಚದೆ, ದೀಪ ಹಾಕದೆ, ಬ್ರೇಕು ಬಿಟ್ಟು ಇಳಿಜಾರಿನಲ್ಲಿ ತಮ್ಮಷ್ಟಕ್ಕೆ ಜಾರಿ ಗೇಟು ದಾಟುತ್ತಿದ್ದವು. ಮಂಜು ಕವಿದ ಹುಲ್ಲಿನ ಮೇಲೆ ಆ ಬಿಳೀ ಮನೆಗಳು ಸದ್ದಿಲ್ಲದೆ ತೇಲಿಹೋಗುವುದನ್ನು ಕಂಡವರು ಯಾರೂ ಮರೆಯುವ ಹಾಗಿಲ್ಲ.

ಈ ಕೆಲಸ ಅವಳಿಗೆ ಯಾರೂ ಹೇಳಿದ್ದಲ್ಲ. ಅವಳ ಗಂಡ ವಿಲ್ಫ್ ಕೆಳಗೆ ಬಂದರಿನಲ್ಲಿ ಹಡಗಿನ ಹಗ್ಗ ಕಟ್ಟುವವನು. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅವಳು ಹಾಲು ತರಲು ಹೊರಟಾಗ, ಹೊಲದ ಪಕ್ಕದ ಓಣಿಯಲ್ಲಿ ಒಂದು ಹಳೇ ವ್ಯಾನು ನಿಂತಿತ್ತು. ಮೆಟ್ಟಿಲ ಮೇಲೆ ಒಬ್ಬ ಪುಟ್ಟ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಪ್ಪ ಅಮ್ಮ ಇಬ್ಬರೂ ಮಲಗಿಬಿಟ್ಟಿದ್ದಾರೆ, ಹಡಗು ಹೋಗಿಬಿಟ್ಟಿದೆ, ಆ ಹಡಗು ಗುಡ್ಡದ ಮೇಲಿಂದ ಚೆನ್ನಾಗಿ ಕಾಣುತ್ತಿದೆ ಬೇರೆ. ಹುಡುಗಿ ಅದರ ಕಡೆ ಬೆರಳು ತೋರಿಸುತ್ತ ಅಳುತ್ತಿದ್ದಾಳೆ. ಹೆಟ್ಟಿಗೆ ಆ ಬೆರಳನ್ನು ನೋಡಲಾಗಲಿಲ್ಲ. ಮಾರನೇ ದಿನ ಗೇಟಿಗೆ ಒಂದು ಹಲಗೆ ನೇತುಹಾಕಿದಳು: "ಇಲ್ಲಿ ಮಲಗಿ. ಎಬ್ಬಿಸುತ್ತೇನೆ." ಅಲ್ಲಿಂದ ಮುಂದೆ ವಿಲ್ಫ್ ತೀರಿಕೊಂಡ ಮೇಲೂ, ಅವಳ ಹೊಲದಲ್ಲಿ ಮಲಗಿ ಹಡಗು ತಪ್ಪಿಸಿಕೊಂಡವರು ಒಬ್ಬರೂ ಇರಲಿಲ್ಲ. ಗಡಿಯಾರವೂ ಅವಳಿಗೆ ಬೇಕಿರಲಿಲ್ಲ. ನಸುಕು ಇನ್ನೂ ಸಮುದ್ರದಡಿಯಲ್ಲಿ ಇರುವಾಗಲೇ ಅವಳ ಕಣ್ಣು ತಾನಾಗಿ ಬಿಡುತ್ತಿತ್ತು.

ಎಲ್ಲರನ್ನೂ ಕಳಿಸಿ ಆದ ಮೇಲೆ ಅವಳು ಟೀ ಲೋಟ ಹಿಡಿದು ಗುಡ್ಡದ ಅಂಚಿಗೆ ಹೋಗುವುದು ರೂಢಿ. ಕೆಳಗೆ ಹಡಗು, ಅರ್ಧ ಊರನ್ನೇ ಹೊಟ್ಟೆಯಲ್ಲಿಟ್ಟುಕೊಂಡು, ದೀಪ ಹೊತ್ತಿಸಿಕೊಂಡು, ಬಂದರಿನ ಗೋಡೆಯ ಕಂಡಿಯಲ್ಲಿ ನುಸುಳಿ ಹೊರಗೆ ಬೀಳುತ್ತಿತ್ತು. ಅಷ್ಟು ದೊಡ್ಡದು ಅಷ್ಟು ಮೆತ್ತಗೆ ನಡೆಯುವುದನ್ನು ಎಷ್ಟು ಸಲ ಕಂಡರೂ ಅವಳ ಟೀ ಆರಿಹೋಗುತ್ತಿತ್ತು.

ಹೀಗೆ ಊರೆಲ್ಲವನ್ನೂ ದಾಟಿಸಿದ ಹೆಟ್ಟಿ ತಾನು ಒಮ್ಮೆಯೂ ದಾಟಿರಲಿಲ್ಲ. ಹಠವೇನಲ್ಲ, ಹೆದರಿಕೆಯೂ ಅಲ್ಲ. ಮೊದಲು ಹಾಸಿಗೆ ಹಿಡಿದ ತಾಯಿ. ಆಮೇಲೆ ವಸಂತದಲ್ಲಿ ಕುರಿಮರಿಗಳು, ಬೇಸಿಗೆಯಲ್ಲಿ ವ್ಯಾನುಗಳು, ಚಳಿಗಾಲದಲ್ಲಿ ಹುಚ್ಚು ಕಡಲು. ಫ್ರಾನ್ಸ್ ಎಲ್ಲಿಗೆ ಹೋಗುತ್ತದೆ, ಅಲ್ಲೇ ಇದೆಯಲ್ಲ, ತಿಳಿಯಾದ ದಿನ ಇಲ್ಲಿಂದಲೇ ಕಾಣುತ್ತದೆ ಅನ್ನುವ ಉದಾಸೀನ. ಮನೆಯ ಮುಂದಿನದಕ್ಕೆ ಯಾರಾದರೂ ಅವಸರ ಪಡುತ್ತಾರೆಯೇ?

ಆದರೆ ವಾಪಸು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ಸ್ಪೇನಿನ ಬಿಸಿಲು, ಇಟಲಿಯ ಊಟ ಎಲ್ಲ ಹೇಳಿ ಮುಗಿಸಿ, ಕಡೆಗೆ ದನಿ ಇಳಿಸಿ, "ಆದ್ರೆ ಹೆಟ್ಟಿ, ವಾಪಸ್ ಬರ್ತಾ ಈ ಗುಡ್ಡ ಕಾಣುತ್ತಲ್ಲ..." ಅಂತ ಶುರುಮಾಡಿ ಮುಂದೆ ಮಾತು ಸಿಗದೆ ಕೈ ಅಗಲಿಸುತ್ತಿದ್ದರು. ದೊಡ್ಡ ದೊಡ್ಡ ಗಂಡಸರು, ಲಾರಿ ಓಡಿಸುವವರು, ಮೂಗು ಒರೆಸಿಕೊಳ್ಳುತ್ತಿದ್ದರು. ಸಮುದ್ರದಿಂದ ನೋಡಿದರೆ ಆ ಗುಡ್ಡ ಬಿಳೀ ಗೋಡೆಯಂತೆ. ಶಾಲೆಯ ಹಲಗೆಯ ಮೇಲೆ ಬರೆಯುತ್ತೇವಲ್ಲ, ಅದೇ ಸೀಮೆಸುಣ್ಣದ ಗೋಡೆ. ಹೆಟ್ಟಿ ಅದನ್ನು ಕಂಡೇ ಇರಲಿಲ್ಲ ಅಂತಲ್ಲ. ಕೆಳಗಿನ ಮರಳಿಗೆ ಇಳಿದು ಕತ್ತು ಮೇಲೆತ್ತಿ ನೋಡಿದ್ದಳು. ಆದರೆ ಅದು ಇರುವೆ ಆನೆಯ ಕಾಲಬುಡದಲ್ಲಿ ನಿಂತು ನೋಡಿದ ಹಾಗೆ. ಇಡೀ ಆನೆಯನ್ನು ಕಂಡಿರಲಿಲ್ಲ. ಯಾವ ಗುಡ್ಡದ ಮೇಲೆ ಹುಟ್ಟಿ, ಮದುವೆಯಾಗಿ, ಮುದಿಯಾದಳೋ ಆ ಗುಡ್ಡದ ಮುಖವೇ ಅವಳಿಗೆ ಗೊತ್ತಿರಲಿಲ್ಲ.

ಇದು ಹೀಗೇ ಇನ್ನಷ್ಟು ವರ್ಷ ನಡೆಯುತ್ತಿತ್ತೋ ಏನೋ. ಆದರೆ ಆ ವರ್ಷದ ವಸಂತದಲ್ಲಿ ಪಕ್ಕದ ಹೊಲದ ಕುರಿಗಾರ ನಾರ್ಮನ್ ಗೋಲ್ಡಪ್ ಬೇಲಿಯಾಚೆ ನಿಂತು ಮಾತಾಡುತ್ತಿದ್ದಾಗ ಹೆಟ್ಟಿಗೆ ಅವನ ಮೂಗು ಕಾಣಲಿಲ್ಲ. ಕಿವಿ ಕಾಣುತ್ತದೆ, ಟೋಪಿ ಕಾಣುತ್ತದೆ, ನಡುವೆ ಮೂಗು ಇರಬೇಕಾದಲ್ಲಿ ಹೊಗೆ. ನಾರ್ಮನ್‌ನ ಮೂಗೆಂದರೆ ಸುತ್ತಲಿನ ಊರುಗಳಿಗೆಲ್ಲ ಹೆಸರಾದದ್ದು. ಅದೇ ಕಾಣದಿದ್ದ ಮೇಲೆ ಏನೋ ಕೆಟ್ಟಿದೆ ಎಂದು ಅವಳಿಗೆ ಗೊತ್ತಾಯಿತು. ಪೇಟೆಯ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣಿನ ಪರದೆ ನಟ್ಟನಡುವೆ ಸವೆಯುತ್ತಿದೆ ಎಂದರು. ಅಂಚು ಉಳಿಯುತ್ತದಂತೆ, ನಡು ಹೋಗುತ್ತದಂತೆ. ನೋಡಬೇಕಾದ್ದು ಏನಾದರೂ ಇದ್ದರೆ ಈ ಬೇಸಿಗೆಯಲ್ಲೇ ನೋಡಿಬಿಡಿ, ಮುಂದಿನ ಬೇಸಿಗೆಯ ಮಾತು ನಾನು ಹೇಳಲಾರೆ ಅಂತ ಮೆಲ್ಲಗೆ ಅಂದರು.

ಹೆಟ್ಟಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ "ಕುರುಡಿ ಎಬ್ಬಿಸ್ತಾಳಂತೆ" ಅಂತ ಜನ ಗಡಿಯಾರ ನೆಚ್ಚುತ್ತಿದ್ದರು ಎಂಬ ಅಳುಕು. ಬಟ್ಟೆ ಕಟ್ಟಿದೆಯೋ ಇಲ್ಲವೋ ಎಂದು ಪ್ರತಿ ಕನ್ನಡಿಯನ್ನೂ ಕೈಯಲ್ಲಿ ಮುಟ್ಟಿ ನೋಡುತ್ತ ಕಾಲ ಹಾಕಿದಳು.

ಈ ಗುಟ್ಟನ್ನು ಹಿಡಿದವಳು ಬೆರಿಲ್. ಬೆರಿಲ್ ಮತ್ತು ಅವಳ ಗಂಡ ಕ್ಲೈವ್ ಒಟವೇ ಲೆಸ್ಟರ್ ಪಟ್ಟಣದವರು. ಪ್ರತಿವರ್ಷ ಬೇಸಿಗೆಯಲ್ಲಿ ಫ್ರಾನ್ಸಿನ ಯಾವುದೋ ಹೊಳೆಯಲ್ಲಿ ಮೀನು ಹಿಡಿಯಲು ಹೋಗುವವರು. ಅವರ ಹಾಲುಬಣ್ಣದ ಹಳೇ ವ್ಯಾನಿಗೆ ಮೇವಿಸ್ ಅಂತ ಹೆಸರು. ಆ ಸಂಜೆ ಮೇವಿಸ್‌ನ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತಾಗ ಹೆಟ್ಟಿ ಟೀ ಬಗ್ಗಿಸಿದಳು. ಟೀ ಕಪ್ಪಿನ ಪಕ್ಕದ ಬಿಸ್ಕತ್ತಿನ ತಟ್ಟೆಗೆ ಬಿತ್ತು.

"ಬಿಸ್ಕತ್ತು ನೆನೆಸಿಕೊಂಡು ತಿನ್ನೋದು ಗೊತ್ತಿತ್ತು ಬಾತೂ, ಮುಳುಗಿಸಿ ಸಾಯಿಸೋದು ಇವತ್ತೇ ನೋಡಿದ್ದು," ಅಂದ ಕ್ಲೈವ್. ಲೆಸ್ಟರ್ ಕಡೆಯವರು ಪ್ರೀತಿ ಬಂದರೆ ಯಾರನ್ನಾದರೂ ಬಾತುಕೋಳಿ ಅಂತಲೇ ಕರೆಯುವುದು.

ಬೆರಿಲ್ ನಗಲಿಲ್ಲ. "ಹೆಟ್ಟಿ, ನನ್ನ ಮುಖ ನೋಡು. ಕಾಣ್ತಿದೆಯಾ?"

"ಕಿವಿಯೋಲೆ ಚೆನ್ನಾಗಿದೆ," ಅಂದಳು ಹೆಟ್ಟಿ. ಆಮೇಲೆ ಎಲ್ಲ ಹೇಳಿದಳು.

ಕ್ಲೈವ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೆರಿಲ್ ಹೆಟ್ಟಿಯ ಕೈ ಹಿಡಿದು, "ಏನು ನೋಡ್ಬೇಕು ಅಂತ ಆಸೆ ಇದೆ ನಿಂಗೆ? ಪ್ಯಾರಿಸ್? ರೋಮ್? ಹೇಳು, ಮೇವಿಸ್ ಮುದುಕಿ ಆದ್ರೂ ಹೋಗಿಬರ್ತಾಳೆ," ಅಂದಳು.

"ಈ ಗುಡ್ಡ ನೋಡ್ಬೇಕು."

"ಯಾವ ಗುಡ್ಡ?"

"ಇದೇ."

"ಅದರ ಮೇಲೇ ಕೂತಿದ್ದೀಯಲ್ಲೇ ಮಾರಾಯ್ತಿ!"

"ಅದೇ ಕಷ್ಟ," ಅಂದಳು ಹೆಟ್ಟಿ. "ಕೂತಿರೋದಕ್ಕೇ ಕಾಣಲ್ಲ. ಎಲ್ಲರೂ ನೋಡಿ ಅಳ್ತಾರೆ. ನಾನೂ ಒಂದ್ಸಲ ನೋಡ್ಬೇಕು, ಕಣ್ಣಿನ ನಡು ಪೂರ್ತಿ ಹೋಗೋ ಮುಂಚೆ. ಬೆಳಗಿನ ಹಡಗಲ್ಲೇ ಆಗ್ಬೇಕು. ಸೂರ್ಯ ಎದುರಿಗಿದ್ರೇ ಅದು ಬೆಳ್ಳಗೆ ಉರಿಯೋದು, ಮಧ್ಯಾಹ್ನ ಆಯ್ತು ಅಂದ್ರೆ ಬಿಸಿಲಮಂಜು ಎದ್ದು ಬೂದಿ ಬಣ್ಣ ಆಗುತ್ತೆ ಅಂತ ವಿಲ್ಫ್ ಹೇಳ್ತಿದ್ದ."

ಬೆರಿಲ್ ಎದ್ದು ನಿಂತಳು. "ನಾಳೆ ಮೊದಲ ಹಡಗು. ಮೇವಿಸ್‌ನಲ್ಲಿ ಒಂದು ಸೀಟು ಖಾಲಿ ಇದೆ. ಆಚೆ ದಡದಲ್ಲಿ ಕಾಫಿ ಕುಡಿಸಿ ವಾಪಸ್ ಹಡಗಿಗೆ ಹತ್ತಿಸ್ತೀವಿ. ಸಂಜೆಗೆ ನಿನ್ನ ಗೇಟಿಗೆ ನೀನು."

"ಸೀಟೇನೋ ಸರಿ, ಡಾಕ್ಟರು ಹೇಳಿದ ವಾರವೇ ಪಾಸ್‌ಪೋರ್ಟೂ ಮಾಡಿಸಿಟ್ಟಿದ್ದೀನಿ. ಹೊಲದಲ್ಲಿರೋ ಬಾಕಿಯವರನ್ನ ಎಬ್ಬಿಸೋರು ಯಾರು?"

ಅದಕ್ಕೆ ನಾರ್ಮನ್ ಸಿಕ್ಕಿದ. ಬೇಲಿಯ ಬಳಿ ಕುರಿ ಎಣಿಸುತ್ತಿದ್ದವನನ್ನು ಕರೆದು ಹೆಟ್ಟಿ ಕೆಲಸ ಒಪ್ಪಿಸಿದಳು. "ಬಟ್ಟೆ ಕಟ್ಟಿರೋರಿಗೆಲ್ಲ ಬಡೀಬೇಕು. ತಿರುಗಿ ಬಡಿಯೋ ತನಕ ಬಿಡಬಾರ್ದು. ನಿನ್ನ ಕುರಿಗೆ ಒದೆಯೋ ಹಾಗೆ ಒದೀಬೇಡ ಮತ್ತೆ."

"ಕುರಿಗಳು ನಿನ್ನ ಗಿರಾಕಿಗಳಿಗಿಂತ ಬೇಗ ಏಳ್ತಾವೆ ಬಿಡು," ಅಂದ ನಾರ್ಮನ್. "ಅವು ಬಂದು ನನ್ನ ಎಬ್ಬಿಸ್ತಾವೆ, ನಾನು ಹೋಗಿ ಇವರನ್ನ ಎಬ್ಬಿಸ್ತೀನಿ. ನೀನು ನಿಶ್ಚಿಂತೆಯಿಂದ ಮಲಗು."

ಹೆಟ್ಟಿ ಆ ರಾತ್ರಿ ತನ್ನ ಮನೆಯಲ್ಲಿ ಮಲಗಲಿಲ್ಲ. ಹಡಗಿಗೆ ಹೋಗುವವರು ವ್ಯಾನಿನಲ್ಲೇ ಮಲಗಬೇಕು, ಹೋಗುವುದಾದರೆ ಎಲ್ಲರ ಹಾಗೆ ಹೋಗಬೇಕು ಎಂದು ಅವಳ ಮನಸ್ಸು. ಬಿಸಿನೀರಿನ ರಬ್ಬರ್ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಮೇವಿಸ್‌ನ ಅಟ್ಟದಂಥ ಹಾಸಿಗೆಗೆ ಏಣಿ ಹತ್ತಿದಳು. ಹತ್ತುವ ಮುಂಚೆ ಒಂದು ಕೆಲಸ ಮರೆಯಲಿಲ್ಲ. ಎಷ್ಟು ಜನರಿಗೆ ಹೇಳಿಕೊಟ್ಟಿದ್ದಳೋ ಅದನ್ನು ಮೊದಲ ಸಲ ತನಗಾಗಿ ಮಾಡಿದಳು: ಕೆಂಪು ಚೌಕುಳಿಯ ಬಟ್ಟೆಯೊಂದನ್ನು ಮೇವಿಸ್‌ನ ಕನ್ನಡಿಗೆ ಕಟ್ಟಿದಳು. ಇಷ್ಟು ವರ್ಷ ಜನ ಈ ಗಂಟು ಹಾಕಿ ಮಲಗುತ್ತಿದ್ದರಲ್ಲ, ಎಂಥ ನೆಮ್ಮದಿ ಇದು! ಏಳುವ ಜವಾಬ್ದಾರಿಯನ್ನು ಬಟ್ಟೆಗೆ ಕಟ್ಟಿ, ಇನ್ನೊಬ್ಬರ ಕೈಗೆ ಕೊಟ್ಟು ಮಲಗುವುದು! ತಲೆಯಿಟ್ಟದ್ದೇ ತಡ, ಕಲ್ಲು ಬಾವಿಗೆ ಬಿದ್ದಂತೆ ನಿದ್ದೆಗೆ ಬಿದ್ದಳು.

ಅವಳನ್ನು ಎಬ್ಬಿಸಿದ್ದು ಬಡಿತವಲ್ಲ, ಬಾನಾಡಿಗಳು. ಹೊಲದ ಮೇಲೆ ಬಾನಾಡಿ ಹಕ್ಕಿಗಳು ಹಾಡುತ್ತಿದ್ದವು. ಮಲಗಿದಲ್ಲೇ ಅವಳು ಯೋಚಿಸಿದಳು: ಇಷ್ಟು ಹಕ್ಕಿ ಇಷ್ಟು ಎತ್ತರದಲ್ಲಿ ಇರಬೇಕಾದರೆ ಹೊತ್ತು... ದಡಕ್ಕನೆ ಎದ್ದು ಕೂತಳು. ತಲೆ ತಗಡಿಗೆ ಬಡಿಯಿತು. ಪರದೆ ಸರಿಸಿದರೆ ಕಣ್ಣಿಗೆ ಬೆಳಕು ಸುರಿಯಿತು. ಗೇಟಿನ ಪಕ್ಕದ ಸಾಲು ಮೇವಿಸ್ ಬಿಟ್ಟರೆ ಪೂರ್ತಿ ಖಾಲಿ. ಹುಲ್ಲಿನ ಮೇಲೆ ವ್ಯಾನುಗಳು ನಿಂತಿದ್ದ ಒಣ ಚೌಕಗಳು ಮಾತ್ರ ಉಳಿದಿದ್ದವು.

"ಬೆರಿಲ್! ಕ್ಲೈವ್! ಏಳ್ರೋ, ಹಡಗು!"

ಕೆಳಗಿನ ಹಾಸಿಗೆಯಿಂದ ಕ್ಲೈವ್ ಕಣ್ಣುಜ್ಜುತ್ತ ಎದ್ದ. "ಆಯ್ತಾ ಹೊತ್ತು? ಎಬ್ಬಿಸಿದ್ದಕ್ಕೆ ಥ್ಯಾಂಕ್ಸ್ ಬಾತೂ."

"ಎಬ್ಬಿಸೋದೇನು ಬಂತು, ಸೂರ್ಯ ಮರದ ಮೇಲಿದ್ದಾನೆ! ನಿಮ್ಮ ಗಡಿಯಾರ ಏನಾಯ್ತು?"

"ಗಡಿಯಾರ ಇಟ್ಟಿಲ್ಲ," ಅಂದಳು ಬೆರಿಲ್, ಬಾಯಿಗೆ ಕೈ ಹಿಡಿದುಕೊಂಡು. "ಯಾಕಿಡ್ಲಿ? ನೀನೇ ಒಳಗೆ ಮಲಗಿದ್ಯಲ್ಲ ಹೆಟ್ಟಿ. ಹೆಟ್ಟಿ ಪಿಲ್ಚರ್ ಮಲಗಿರೋ ವ್ಯಾನಲ್ಲಿ ಯಾರಾದ್ರೂ ಗಡಿಯಾರ ಇಡ್ತಾರಾ?"

ಹೆಟ್ಟಿ ಬಾಗಿಲು ತೆಗೆದು ಬರಿಗಾಲಲ್ಲೇ ಹುಲ್ಲಿಗೆ ಇಳಿದಳು. ನಾರ್ಮನ್ ಬೇಲಿಗೆ ಒರಗಿ ಪೈಪು ಸೇದುತ್ತಿದ್ದ. ಒಳ್ಳೇ ಕೆಲಸ ಮಾಡಿ ಮುಗಿಸಿದವನ ಕಳೆ ಅವನ ಮುಖದ ಮೇಲೆ. ಇವಳನ್ನು ಕಂಡದ್ದೇ ಪೈಪು ಬಾಯಿಂದ ಜಾರಿತು.

"ನೀನು... ಹೋಗಿಲ್ವಾ?"

"ಬಡಿ ಅಂದಿದ್ನಲ್ಲೋ! ಬಟ್ಟೆ ಕಟ್ಟಿದ್ನಲ್ಲೋ ದೊಡ್ಡದಾಗಿ!"

"ಬಟ್ಟೆ ನೋಡ್ದೆ," ಅಂದ ನಾರ್ಮನ್. "ಎಲ್ಲರಿಗೂ ಬಡಿದೆ. ಒಬ್ಬನಿಗಂತೂ ಆ ತಿರುಗುಬಡಿತ ಬರೋ ತನಕ ಕೈ ಊದಿಸ್ಕೊಂಡೆ. ನಿನ್ನ ವ್ಯಾನಿನ ಹತ್ರಾನೂ ಬಂದೆ. ಕೈ ಎತ್ತಿದೆ. ಆಮೇಲೆ ಅನ್ನಿಸ್ತು, ಯಾರಿಗೆ ಬಡೀತಿದ್ದೀಯೋ ನಾರ್ಮನ್? ಹೆಟ್ಟಿಗೆ? ಇಡೀ ಕೆಂಟ್ ಸೀಮೇನ ಎಬ್ಬಿಸಿದೋಳಿಗೆ? ತಲೆ ತೆಗೀತಾಳೆ, ನಾನೇನು ನಿದ್ದೆಗೇಡಿ ಅಂದ್ಕೊಂಡ್ಯಾ ಅಂತಾಳೆ. ಒಳಗೆ ಎದ್ದು ಟೀ ಕಾಯಿಸ್ತಿರಬೇಕು ಅಂತ ಸದ್ದಾಗದ ಹಾಗೆ ತುದಿಗಾಲಲ್ಲಿ ದಾಟಿ ಹೋದೆ ಮಾರಾಯ್ತಿ."

ಬೈಯಬೇಕೆಂದು ಬಾಯಿ ತೆರೆದ ಹೆಟ್ಟಿಗೆ ಬೈಗುಳವೇ ಸಿಗಲಿಲ್ಲ. ಗೌರವಕ್ಕೆ ಏನಂತ ಬೈಯುವುದು? ಸಮುದ್ರದ ಕಡೆ ತಿರುಗಿದಳು. ಮೊದಲ ಹಡಗು ಬಂದರಿನ ಕಂಡಿ ದಾಟಿ ಹೊರಗೆ ಬಿದ್ದಿತ್ತು. ಅದರ ಹಿಂದೆ ನೀರಿನ ಮೇಲೆ ಬಿಳೀ ಗೆರೆ. ಇಂಥದ್ದನ್ನೇ ಒಮ್ಮೆ ಒಬ್ಬ ಹುಡುಗಿ ಬೆರಳು ತೋರಿಸಿ ಅತ್ತಿದ್ದು ಅವಳಿಗೆ ನೆನಪಾಯಿತು. ಅವಳ ಹೊಲದಲ್ಲಿ ಮಲಗಿ ಹಡಗು ತಪ್ಪಿಸಿಕೊಂಡ ಮೊದಲನೆಯವಳು ಹೆಟ್ಟಿಯೇ.

"ಇನ್ನೊಂದು ಹಡಗಿದೆ," ಅಂದ ಕ್ಲೈವ್, ಶರಟಿನ ಗುಂಡಿಯನ್ನು ಅಡ್ಡಾದಿಡ್ಡಿ ಹಾಕಿಕೊಳ್ಳುತ್ತ. "ಹತ್ತು ಬಾತೂ. ಬೂಟು ದಾರಿಯಲ್ಲಿ ಹಾಕ್ಕೋ."

ಮೇವಿಸ್ ಅಂದು ಇಳಿದ ವೇಗದಲ್ಲಿ ಆ ಗುಡ್ಡವನ್ನು ಹಿಂದೆಂದೂ ಇಳಿದಿರಲಿಲ್ಲ. ಒಳಗೆ ಬಾಣಲೆ, ತಟ್ಟೆ, ಮೀನಿನ ಗಾಳ ಎಲ್ಲ ಒಂದರ ಮೇಲೊಂದು ಬಿದ್ದು ಮದುವೆ ಮನೆಯ ಸದ್ದು. ಬಂದರಿನ ಗೂಡಂಗಡಿಯಂಥ ಚೌಕಿಯಲ್ಲಿ ನೇರಳೆ ಕೂದಲಿನ ಹುಡುಗಿಯೊಬ್ಬಳು ಕೂತಿದ್ದಳು. ಟಿಕೆಟ್ಟು ನೋಡಿ ತುಟಿ ಕಚ್ಚಿದಳು.

"ಹೊರಟೇಹೋಯ್ತಲ್ಲ ಚಿನ್ನ."

"ಮುಂದಿನದರಲ್ಲಿ ಹಾಕಮ್ಮ," ಅಂದಳು ಬೆರಿಲ್.

"ಮುಂದಿನದು ತುಂಬಿದೆ. ಶಾಲೆಗೆ ರಜೆ ಅಲ್ವಾ. ಅದರ ಮುಂದಿನದೂ ತುಂಬಿದೆ. ಮಧ್ಯಾಹ್ನದ ಮೇಲೆ ಖಂಡಿತ ಜಾಗ ಇದೆ."

ಮಧ್ಯಾಹ್ನ ಅಂದ ಕೂಡಲೇ ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಟ್ಟಿ ಕಣ್ಣು ಮುಚ್ಚಿಕೊಂಡಳು. ಬೂದಿ ಬಣ್ಣ. ನಾಳೆ ಹೋದರಾಯಿತು ಎನ್ನಬಹುದಿತ್ತು. ಆದರೆ ನಾಳೆ ನಾಳೆ ಅಂದುಕೊಂಡೇ ಅವಳಿಗೆ ಇಷ್ಟು ವಯಸ್ಸಾದದ್ದು. ಕ್ಲೈವ್, ಬೆರಿಲ್‌ರ ಮೀನಿನ ಹೊಳೆಯೂ ಅವರಿಗಾಗಿ ಕಾಯುತ್ತಿತ್ತು. ಮತ್ತೆ ಇನ್ನೊಂದು ವ್ಯಾನು, ಇನ್ನೊಂದು ಸೀಟು, ಮೋಡವಿಲ್ಲದ ಇನ್ನೊಂದು ಬೆಳಗು ಯಾವಾಗ ಕೂಡಿಬರುತ್ತದೋ, ಅಷ್ಟರಲ್ಲಿ ಕಣ್ಣಿನ ಹೊಗೆ ಎಷ್ಟು ಹರಡಿರುತ್ತದೋ.

"ಬದಿಯ ಸಾಲಲ್ಲಿ ನಿಂತಿರಿ," ಅಂದಳು ಹುಡುಗಿ, ಹೆಟ್ಟಿಯ ಮುಖ ನೋಡಲಾಗದೆ. "ಯಾರಾದ್ರೂ ಬರದಿದ್ರೆ ನೋಡೋಣ."

ನಿಂತರು. ಲಾರಿಗಳು ಒಂದರ ಹಿಂದೊಂದು ಹಡಗಿನ ಬಾಯೊಳಗೆ ಹೋದವು. ಕಾರುಗಳು ಹೋದವು. ಸೈಕಲ್ ಕಟ್ಟಿಕೊಂಡ ವ್ಯಾನುಗಳು, ದೋಣಿ ಹೊತ್ತ ವ್ಯಾನುಗಳು ಹೋದವು. ಕ್ಲೈವ್ ಸ್ಟಿಯರಿಂಗಿನ ಮೇಲೆ ಬೆರಳಾಡಿಸುತ್ತ, "ನನ್ನ ಗೊರಕೆಗೆ ನಾನೇ ಎಚ್ಚರ ಆಗ್ತಿದ್ದೆ, ಇವತ್ತೇ ಯಾಕೆ ಆಗ್ಲಿಲ್ವೋ," ಅಂತ ಗೊಣಗಿದ. ಸೂರ್ಯ ಏರುತ್ತಲೇ ಇದ್ದ. ಹಡಗಿನ ಬಾಯಿ ಇನ್ನೇನು ಮುಚ್ಚುತ್ತದೆ ಅನ್ನುವಾಗ ನೇರಳೆ ಕೂದಲು ಹಾರಿಸಿಕೊಂಡು ಹುಡುಗಿ ಓಡಿ ಬಂದಳು.

"ಹೋಗಿ ಹೋಗಿ! ಒಂದು ವ್ಯಾನು ಬಂದಿಲ್ಲ. ಎಲ್ಲೋ ಮಲಗಿಬಿಟ್ಟಿರಬೇಕು."

"ಅಯ್ಯೋ ಪಾಪ," ಅಂದಳು ಹೆಟ್ಟಿ. ಅಷ್ಟು ಸಂತೋಷದಲ್ಲೂ ಅವಳ ಬಾಯಿಂದ ಮೊದಲು ಬಂದದ್ದು ಅದೇ. "ಯಾರ ಹೊಲದಲ್ಲಿ ಮಲಗಿದ್ದರೋ."

ವ್ಯಾನನ್ನು ಹಡಗಿನ ಹೊಟ್ಟೆಯಲ್ಲಿ ಬಿಟ್ಟು ಮೆಟ್ಟಿಲು ಮೆಟ್ಟಿಲು ಹತ್ತಿ ಮೂವರೂ ಹಿಂಭಾಗದ ತೆರೆದ ಮಹಡಿಗೆ ಬಂದರು. ನೆಲ ನಡುಗತೊಡಗಿತ್ತು. ಕಡಲಹಕ್ಕಿಗಳು ಕಿರುಚುತ್ತಿದ್ದವು. ಹೆಟ್ಟಿ ಗುಡ್ಡದ ಕಡೆಗೆ ಬೆನ್ನು ಹಾಕಿ ನಿಂತಳು.

"ಇದೇನೇ, ಅದನ್ನ ನೋಡೋಕೇ ಬಂದು ಬೆನ್ನು ತಿರುಗಿಸಿದ್ದೀಯ?" ಬೆರಿಲ್ ಕೇಳಿದಳು.

"ಈಗ ಅದು ತುಂಬಾ ಹತ್ತಿರ ಇದೆ. ಚೂರು ಚೂರಾಗಿ ನೋಡಿದ್ದು ಸಾಕು ನಂಗೆ. ಪೂರ್ತಿ ಆದಾಗ ಹೇಳು, ತಿರುಗ್ತೀನಿ."

ಹಡಗು ಬಂದರಿನ ಕಂಡಿ ದಾಟಿತು. ಇಷ್ಟು ವರ್ಷ ಮೇಲಿನಿಂದ ನೋಡಿದ್ದ ಕಂಡಿಯಲ್ಲಿ ಈಗ ತಾನೇ ನುಸುಳುತ್ತಿದ್ದೇನೆ ಎನ್ನುವುದು ಅವಳ ಕಾಲಿಗೆ ಗೊತ್ತಾಯಿತು. ಅಲೆ ಬಂದು ಹಡಗನ್ನು ಒಮ್ಮೆ ಎತ್ತಿ ಇಳಿಸಿತು. ಗಾಳಿ ವಿಲ್ಫನ ಕೋಟನ್ನು ಹಾಯಿಯಂತೆ ಉಬ್ಬಿಸಿತು.

"ಈಗ?"

"ಇನ್ನೂ ಬೇಡ."

"ಬಿಸಿಲಿದೆಯಾ? ಮೋಡ ಏನಾದ್ರೂ?"

"ಇದೆ, ಬಿಸಿಲಿದೆ. ಸುಮ್ನಿರು."

ಇನ್ನೊಂದಷ್ಟು ಹೊತ್ತು. ಪಕ್ಕದಲ್ಲಿ ನಿಂತಿದ್ದವರು ಇವಳನ್ನೂ ಗುಡ್ಡವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಗಲಾಟೆ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಹೆಟ್ಟಿಗೆ ಕಾಣದಿದ್ದರೂ ಕೇಳಿಸಿದ್ದು ಅದು, ಆ ಮಾತು ನಿಲ್ಲುವುದು. ಅಷ್ಟರಲ್ಲಿ ಬೆರಿಲ್‌ಳ ಕೈ ಅವಳ ತೋಳಿನ ಮೇಲೆ ಬಂತು. ಬೆರಿಲ್ ತೋಳನ್ನು ಒತ್ತಿದಳು, ಅಷ್ಟೇ.

ಹೆಟ್ಟಿ ತಿರುಗಿದಳು.

ಮೊದಲು ಅವಳಿಗೆ ಅದು ಗುಡ್ಡ ಅಂತಲೇ ಅನ್ನಿಸಲಿಲ್ಲ. ಬೆಳಕು ಎದ್ದು ನಿಂತಿದೆ ಅನ್ನಿಸಿತು. ಸಮುದ್ರದ ಒಂದು ಕೊನೆಯಿಂದ ಇನ್ನೊಂದು ಕೊನೆಯ ತನಕ ಬಿಳುಪು; ಹಾಲಿನ ಬಿಳುಪಲ್ಲ, ಬಟ್ಟೆಯ ಬಿಳುಪಲ್ಲ, ಆಗ ತಾನೇ ಹುಟ್ಟಿದ್ದರ ಬಿಳುಪು. ಅದರ ಮಡಿಕೆ ಮಡಿಕೆಯಲ್ಲೂ ಬೆಳಗಿನ ಬಿಸಿಲು ಹೊಕ್ಕು ಕೂತಿತ್ತು. ಕೆಳಗೆ ಹಸಿರು ನೀರು ಅದನ್ನು ಕನ್ನಡಿಯಲ್ಲಿ ಹಿಡಿದು ನಡುಗುತ್ತಿತ್ತು. ರೂಢಿಯಂತೆ ಅವಳು ನೆಟ್ಟಗೆ ನೋಡಿದಳು, ರೂಢಿಯಂತೆ ಕಣ್ಣಿನ ಹೊಗೆ ನಡುವೆ ಬಂದು ನಿಂತಿತು. ನಾರ್ಮನ್‌ನ ಮೂಗನ್ನು ನುಂಗಿದ ಹೊಗೆ, ಸೂಜಿಯ ಕಣ್ಣನ್ನು, ಗೆಳತಿಯರ ಮುಖಗಳನ್ನು, ಕಪ್ಪಿನ ಬಾಯನ್ನು ನುಂಗಿದ ಹೊಗೆ. ಇದನ್ನು ಮಾತ್ರ ಅದಕ್ಕೆ ನುಂಗಲಾಗಲಿಲ್ಲ. ಆ ಕಡೆಗೂ ಗುಡ್ಡ, ಈ ಕಡೆಗೂ ಗುಡ್ಡ, ಮೇಲೂ ಕೆಳಗೂ ಗುಡ್ಡ. ನಡುವೆ ಹೊಗೆ ಒಂದು ನೊಣದ ಹಾಗೆ ಕೂತಿತ್ತು, ಅಷ್ಟೇ.

ಅವಳು ನೆತ್ತಿಯ ಕಡೆ ಹುಡುಕಿದಳು. ಎಲ್ಲಿ ಹೊಲ, ಎಲ್ಲಿ ಗೇಟು, ಎಲ್ಲಿ ನಾರ್ಮನ್‌ನ ಕುರಿ? ಬಿಳುಪಿನ ಮೇಲಂಚಿಗೆ ಯಾರೋ ಹಸಿರು ದಾರದಲ್ಲಿ ಒಂದು ಹೊಲಿಗೆ ಹಾಕಿದ ಹಾಗೆ ಕಂಡಿತು. ಅವಳು ಹುಟ್ಟಿದ್ದು, ತಾಯಿಯ ಬೆನ್ನು ಒರೆಸಿದ್ದು, ವಿಲ್ಫನ ಜೊತೆ ಜಗಳವಾಡಿದ್ದು, ಎಲ್ಲ ನಸುಕುಗಳು, ಎಲ್ಲ ಬಡಿತಗಳು, ಎಲ್ಲವೂ ಆ ಒಂದೆಳೆ ದಾರದೊಳಗೆ. ಅದರ ಕೆಳಗೆ ಇಷ್ಟು ದೊಡ್ಡದು ಇಷ್ಟು ಸುಮ್ಮನೆ ಹೊತ್ತುಕೊಂಡು ನಿಂತಿತ್ತೇ?

"ಇದರ ಮೇಲೆ," ಅಂದಳು ಹೆಟ್ಟಿ. ಕಂಬಿ ಹಿಡಿದು ಮತ್ತೆ ಅಂದಳು, "ಇದರ ಮೇಲೆ ನಾನು ಒಳಬಟ್ಟೆ ಒಣಗಿಸ್ತಿದ್ನಾ ಬೆರಿಲ್?"

ಬೆರಿಲ್ ನಗುತ್ತಲೋ ಅಳುತ್ತಲೋ ಅವಳ ಭುಜಕ್ಕೆ ಮುಖ ಒರೆಸಿಕೊಂಡಳು. ಕ್ಲೈವ್ ಏನಾದರೂ ಹೇಳಲೇಬೇಕೆಂದು, "ಇದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳ ಚಿಪ್ಪಂತೆ ಬಾತೂ. ಕಡಲ ತಳದಲ್ಲಿ ಬಿದ್ದೂ ಬಿದ್ದೂ..." ಅಂತ ಶುರುಮಾಡಿದ.

"ಕ್ಲೈವ್, ಬಾಯಿ," ಅಂದಳು ಬೆರಿಲ್.

"ಇಲ್ಲ, ಹೇಳ್ಲಿ," ಅಂದಳು ಹೆಟ್ಟಿ, ಕಣ್ಣು ತೆಗೆಯದೆ. "ಕಾಣದಷ್ಟು ಸಣ್ಣವು ಸೇರಿ ಇದಾ?"

"ಹೌದಂತೆ."

ಒಳಗಿನಿಂದ ಟೀ, ಹುರಿದ ಹಂದಿಮಾಂಸದ ವಾಸನೆ ಬಂತು. ಜನ ಒಳಗೆ ಹೋದರು. ಬೆರಿಲ್ ಟೀ ತಂದು ಕೈಗಿಟ್ಟಳು. ಗುಡ್ಡ ಮೆಲ್ಲಮೆಲ್ಲನೆ ಗಿಡ್ಡವಾಯಿತು, ಉದ್ದವಾಯಿತು, ಮಡಿಕೆಗಳು ಕೂಡಿಕೊಂಡವು, ಹಸಿರು ದಾರ ಕರಗುತ್ತ ಬಂತು. ಕಡೆಗೆ ನೀರಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಎಳೆದ ಒಂದು ಗೆರೆ. ಗೆರೆಯ ತುದಿಯನ್ನೂ ಬಿಡದೆ ಅವಳು ಕಂಬಿಯನ್ನು ಹಿಡಿದೇ ನಿಂತಿದ್ದಳು.

ಕ್ಲೈವ್ ಹಡಗಿನ ಮುಂಭಾಗಕ್ಕೆ ಹೋಗಿದ್ದವನು ಓಡೋಡಿ ಬಂದ. "ಬಾತೂ, ಬಾ ಬಾ, ಫ್ರಾನ್ಸ್ ಬಂತು! ಎದುರಿಗೇ ಇದೆ, ಮನೆಗಳೆಲ್ಲ ಕಾಣ್ತಿವೆ!"

"ಇರ್ಲಿ ಬಿಡು," ಅಂದಳು ಹೆಟ್ಟಿ ತಿರುಗದೆ. "ಅದು ಎಲ್ಲಿಗೆ ಹೋಗುತ್ತೆ."